ನಲವತ್ತೆಂಟು ದಿನ ಬಾರದ ನೋವು

ನನ್ನ ಮಗಳು ಶಾರದೆಗೆ ತಿಂಗಳಿಗೆ ಐದು ದಿನ ಹೊಟ್ಟೆನೋವು ಬರುತ್ತಿತ್ತು. ನೋವು ಅಂದರೆ ಕಷಾಯ ಕುಡಿದು ಮಗ್ಗುಲಾದರೆ ಹೋಗುವಂಥದ್ದಲ್ಲ. ಬಚ್ಚಲುಮನೆಯ ತಣ್ಣನೆ ಕಲ್ಲಿಗೆ ಹೊಟ್ಟೆ ಒತ್ತಿಕೊಂಡು ಮಲಗಿಬಿಡುತ್ತಿದ್ದಳು. ವಾಂತಿ ಮಾಡುತ್ತಿದ್ದಳು. ಹಲ್ಲು ಕಚ್ಚಿ ಕಚ್ಚಿ ದವಡೆ ಊದಿಕೊಳ್ಳುತ್ತಿತ್ತು. ಹದಿನೈದನೇ ವಯಸ್ಸಿಗೆ ಶುರುವಾಗಿ ಇಪ್ಪತ್ತೇಳರವರೆಗೂ ಇತ್ತು ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಆ ಹದಿನೈದು ಅನ್ನುವುದೂ ತಪ್ಪು, ಅದನ್ನು ಮುಂದೆ ಹೇಳುತ್ತೇನೆ.

ನಾನು ಶಿರಾ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಜಯಮ್ಮ. ನಾಗಲಮಡಿಕೆ ಸುಬ್ರಹ್ಮಣ್ಯಸ್ವಾಮಿಗೆ ನಡೆದುಕೊಳ್ಳುವವರು ನಾವು, ನಮ್ಮ ಅತ್ತೆಯವರ ಕಾಲದಿಂದಲೂ. ಭಜನೆಗೆ ಬರುವ ಅಕ್ಕತಂಗಿಯರು "ನಿಮ್ಮ ಅನುಭವ ಬರ್ಕೊಡಿ ಜಯಮ್ಮ, ನಾಲ್ಕು ಜನ ಓದ್ಲಿ" ಅಂತ ಕೇಳಿ ಬಹಳ ದಿನವಾಯಿತು. ಸ್ವಾಮಿಯ ಮಹಿಮೆ ಬರೆಯೋಣ ಅಂತ ಕೂತರೆ ನನ್ನ ತಪ್ಪೇ ಮೊದಲು ಕಣ್ಣ ಮುಂದೆ ಬಂದು ಕೂರುತ್ತದೆ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಹಾಗಾಗಿ ಎರಡನ್ನೂ ಬರೆಯುತ್ತಿದ್ದೇನೆ.

ಶಾರದೆ ಹತ್ತನೇ ಕ್ಲಾಸಿಗೆ ಬಂದ ವರ್ಷ ನಾಗರ ಪಂಚಮಿಗೆ ನನ್ನ ತವರು ಬಡವನಹಳ್ಳಿಗೆ ಹೋಗಿದ್ದೆವು. ನನ್ನ ಯಜಮಾನರು ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಮನೆಗೆ ಗಂಡೂ ನಾನೇ, ಹೆಣ್ಣೂ ನಾನೇ. ಊರ ಹೊರಗಿನ ಅರಳಿಕಟ್ಟೆಯಲ್ಲಿ ನಾಗರಕಲ್ಲುಗಳಿಗೆ ತನಿ ಎರೆಯುತ್ತಿದ್ದೆವು. ಶಾರದೆ ಹಾಲಿನ ಚೊಂಬು ಹಿಡಿದು ಬಗ್ಗಿದ್ದಳು. ಹಿಂದೆ ನಿಂತಿದ್ದ ನಮ್ಮ ದೊಡ್ಡಮ್ಮ ಕೂಗಿಕೊಂಡರು: "ಅಯ್ಯೋ, ಲಂಗ ನೋಡ್ರೇ! ನಾಗಪ್ಪನ ಮುಂದೇನೇ ಹೊರಗಾಗ್ಬುಟ್ಟವಳೆ ಈ ಹುಡ್ಗಿ!"

ಸುತ್ತ ಇದ್ದ ಹೆಂಗಸರೆಲ್ಲ ಹಿಂದೆ ಸರಿದರು. ಚೊಂಬು ಕೈಯಿಂದ ಜಾರಿ ಹಾಲು ಕಟ್ಟೆಯ ಮೇಲೆಲ್ಲ ಹರಿಯಿತು. ನನಗೆ ಅವಮಾನವೂ ಆಯಿತು, ಹೆದರಿಕೆಯೂ ಆಯಿತು. ಎರಡೂ ಸೇರಿ ಸಿಟ್ಟಾಗಿ, ಅಷ್ಟು ಜನರ ಮುಂದೆ ಅವಳ ಬೆನ್ನಿಗೊಂದು ಬಿಟ್ಟೆ. ಮುಂದಿನ ತಿಂಗಳು ಅವಳು ನೋವಿಗೆ ನೆಲ ಹಿಡಿದಳು. ನಾನು ಎರಡನ್ನೂ ಸೇರಿಸಿ ಗಂಟು ಹಾಕಿದೆ. ನಾಗದೋಷ, ಬೇರೆ ಮಾತೇ ಇಲ್ಲ. "ಅಮ್ಮ, ಹೋದ್ವರ್ಷದಿಂದ್ಲೂ ಹಿಂಗೇ ನೋಯ್ತಿತ್ತು ಕಣಮ್ಮ" ಅಂತ ಅವಳು ಹೇಳಿದ್ದು ನಿಜ. "ಮಾಡಿದ್ದು ಮುಚ್ಕಳಕ್ಕೆ ಕತೆ ಕಟ್ಬ್ಯಾಡ" ಅಂದೆ. ಆಮೇಲೆ ಅವಳು ಆ ಮಾತನ್ನು ಎತ್ತಲೇ ಇಲ್ಲ.

ನಾನು ಮಗಳಿಗೆ ಏನೂ ಮಾಡಲಿಲ್ಲ ಅಂತ ತಿಳಿಯಬೇಡಿ. ಜೀರಿಗೆ ಕಷಾಯ, ಮೆಂತ್ಯ, ಬಿಸಿನೀರಿನ ಶಾಖ ಎಲ್ಲ ಮಾಡಿದೆ. ಒಂದು ಸಲ ಡಾಕ್ಟರಿಗೂ ತೋರಿಸಿದೆ. ಸ್ಕ್ಯಾನಿಂಗ್ ಮಾಡಿ, ಏನೂ ಕಾಣುತ್ತಿಲ್ಲ, ಮದುವೆಯಾದರೆ ಸರಿಹೋಗುತ್ತದೆ ಅಂದರು. ಅದನ್ನು ಕೇಳಿ ನನಗೆ ಇನ್ನಷ್ಟು ಧೈರ್ಯ ಬಂತು. ಮೆಷಿನ್ನಿಗೇ ಕಾಣದ ಮೇಲೆ ಅದು ದೇವರ ಕಡೆಯದೇ ಅಂದುಕೊಂಡೆ. ಎರಡನೇ ಪಿಯುಸಿ ಪರೀಕ್ಷೆಯ ದಿನ ಅರ್ಧ ಬರೆದು ಎದ್ದು ಬಂದಳು. ಟೀಚರ್ ಟ್ರೈನಿಂಗ್ ಮಾಡಬೇಕು ಅಂತ ಆಸೆ ಇತ್ತು ಅವಳಿಗೆ. "ಎಲ್ಲ ಹೆಂಗಸ್ರೂ ಇದನ್ನ ಹೊತ್ಕಂಡೇ ಬದುಕ್ತಾವ್ರೆ. ನಿನ್ನೊಬ್ಳಿಗೇನಾ ಹೊಟ್ಟೆ ಇರೋದು?" ಅಂದೆ. ನನ್ನ ಬಾಯಿ ಸ್ವಲ್ಪ ಜೋರು, ಶಿರಾದಲ್ಲಿ ನನ್ನ ಹತ್ತಿರ ಬಟ್ಟೆ ಹೊಲಿಸುವವರಿಗೆಲ್ಲ ಗೊತ್ತು. ಅವರು ನಕ್ಕು ಹೋಗುತ್ತಾರೆ. ಮನೆಯಲ್ಲಿದ್ದವಳು ಎಲ್ಲಿಗೆ ಹೋದಾಳು?

ಇಪ್ಪತ್ತೆರಡಕ್ಕೆ ಮದುವೆ ಮಾಡಿ ಪಾವಗಡಕ್ಕೆ ಕೊಟ್ಟೆ. ಅಳಿಯ ಮಂಜುನಾಥ ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾನೆ, ಒಳ್ಳೆಯ ಹುಡುಗ. ಮದುವೆಯಾಗಿ ಮೂರು ತಿಂಗಳಿಗೆ ಶಾರದೆ ಮನೆಗೆ ಬಂದಿದ್ದಳು. ನಾನು ಬ್ಲೌಸಿಗೆ ಹೆಮ್ಮಿಂಗ್ ಹಾಕುತ್ತಿದ್ದೆ. ಪಕ್ಕದಲ್ಲಿ ಬಂದು ಕೂತು, ಬಹಳ ಹೊತ್ತು ದಾರದುಂಡೆ ಉರುಳಿಸಿ, ಕಡೆಗೆ "ಅಮ್ಮ, ಅವರ ಜೊತೆ ಮಲಗಿದ್ರೂ ಒಳಗೆ ತುಂಬ ನೋಯ್ತದೆ" ಅಂದಳು. ನಾನು ಸೂಜಿಯಿಂದ ಕಣ್ಣೆತ್ತಲಿಲ್ಲ. "ಥೂ, ಇಂಥವೆಲ್ಲ ತಾಯಿ ಮುಂದೆ ಆಡ್ತಾರೇನೇ? ಸುಮ್ನಿರು, ಅಭ್ಯಾಸ ಆಯ್ತದೆ" ಅಂದೆ. ಅವಳು ದಾರದುಂಡೆಯನ್ನು ಡಬ್ಬಿಯಲ್ಲಿಟ್ಟು ಎದ್ದು ಹೋದಳು. ಈ ಒಂದು ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವಂತಿದ್ದರೆ ನನ್ನ ಹೊಲಿಗೆ ಮಿಷನ್ನನ್ನೇ ಕೊಟ್ಟುಬಿಡುತ್ತಿದ್ದೆ.

ಎರಡು ವರ್ಷವಾದರೂ ಮಕ್ಕಳಾಗಲಿಲ್ಲ. ಬೀಗಿತ್ತಿ ಓಬಳಮ್ಮ ಫೋನಿನಲ್ಲಿ ತಮ್ಮ ತೆಲುಗು ಬೆರೆತ ಮಾತಿನಲ್ಲಿ "ಏಮಮ್ಮಾ ಜಯಮ್ಮ, ಎಟ್ಲಾ ಇದು? ತಿಂಗ್ಳು ತಿಂಗ್ಳೂ ಇದೇ ಗೋಳಾದ್ರೆ ಮಕ್ಳೆಂಗಾದಾವು?" ಅಂದರು. ಆಗ ನಾನು ಮಂಡಲ ಸೇವೆಯ ಹರಕೆ ಹೊತ್ತೆ. ನಲವತ್ತೆಂಟು ದಿನ, ಒಂದು ದಿನವೂ ತಪ್ಪದೆ, ಶಾರದೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ ನಮ್ಮ ಬೀದಿಯ ನಾಗರಕಟ್ಟೆಗೆ ನೂರೆಂಟು ಪ್ರದಕ್ಷಿಣೆ ಹಾಕುವುದು. ಮುಗಿದ ದಿನ ನಾಗಲಮಡಿಕೆಗೆ ಹೋಗಿ ಬೆಳ್ಳಿಯ ನಾಗರಹೆಡೆ ಒಪ್ಪಿಸುವುದು.

ಈ ಸೇವೆಗೆ ಒಂದು ತೊಡಕಿದೆ, ಹೆಂಗಸರಿಗೆ ಹೇಳಬೇಕಾಗಿಲ್ಲ. ನಲವತ್ತೆಂಟು ದಿನದಲ್ಲಿ ಒಂದು ಸಲವಾದರೂ ಹೊರಗಾಗಲೇಬೇಕು, ಹೊರಗಾದರೆ ಸೇವೆ ಮುರಿಯಿತು. ಹಬ್ಬಕ್ಕೆ, ಗೃಹಪ್ರವೇಶಕ್ಕೆ, ಯಾತ್ರೆಗೆ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮೆಡಿಕಲ್ ಸ್ಟೋರಿಗೆ ಹೋಗಿ ನಲವತ್ತೆಂಟು ದಿನಕ್ಕೆ ಕೇಳಿದೆ. "ಅಷ್ಟ್ ದಿನಕ್ಕೆ ಕೊಡಂಗಿಲ್ಲ ಕಣಮ್ಮ, ಡಾಕ್ಟ್ರನ್ನ ಕೇಳ್ಕಂಡ್ ಬನ್ನಿ" ಅಂದ. ನಾನು ಬಿಡುತ್ತೇನೆಯೇ? ಒಂದು ಅಂಗಡಿಯಲ್ಲಿ ಮದುವೆ ಅಂದೆ, ಇನ್ನೊಂದರಲ್ಲಿ ತಿರುಪತಿ ಅಂದೆ, ಮಧುಗಿರಿಗೆ ಲೈನಿಂಗ್ ಬಟ್ಟೆ ತರಲು ಹೋದಾಗ ಅಲ್ಲೊಂದಿಷ್ಟು ತಂದೆ. ದೇವರ ಕೆಲಸಕ್ಕೆ ಸುಳ್ಳು ಹೇಳಿದರೆ ಪಾಪವಿಲ್ಲ ಅಂದುಕೊಂಡಿದ್ದೆ.

ಸೇವೆ ಶುರುವಾಯಿತು. ಮಗಳು ಆ ನಲವತ್ತೆಂಟು ದಿನ ನನ್ನ ಮನೆಯಲ್ಲೇ ಇದ್ದಳು. ಮುಟ್ಟು ಬರಲಿಲ್ಲ, ನೋವೂ ಬರಲಿಲ್ಲ. ಆ ಹುಡುಗಿ ಹಾಗೆ ನಗುವುದನ್ನು ನಾನು ಎಷ್ಟು ವರ್ಷದಿಂದ ನೋಡಿರಲಿಲ್ಲ! ಎರಡೆರಡು ಮುದ್ದೆ ಉಣ್ಣುತ್ತಿದ್ದಳು, ಬ್ಲೌಸ್ ಕಟಿಂಗ್ ಕಲಿತಳು, ನನ್ನನ್ನೇ ರೇಗಿಸುತ್ತಿದ್ದಳು. ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ, ನೋಡಿ ಸುಬ್ಬಪ್ಪನ ಮಹಿಮೆ, ಅವನನ್ನು ಸುತ್ತುತ್ತಿರುವವರೆಗೂ ನೋವು ಹತ್ತಿರ ಸುಳಿಯುವುದಿಲ್ಲ ಅಂತ.

ಸೇವೆ ಮುಗಿಯಿತು, ಮಾತ್ರೆ ನಿಂತಿತು, ನಾಲ್ಕನೇ ದಿನಕ್ಕೆ ಮುಟ್ಟು ಬಂತು. ಹಿಂದೆಂದಿಗಿಂತ ಜೋರಾಗಿ ನೋವು ಬಂತು.

ಬುದ್ಧಿ ಇದ್ದವರಿಗೆ ಅಲ್ಲೇ ಏನೋ ಹೊಳೆಯಬೇಕಿತ್ತು. ನನಗೆ ಹೊಳೆದದ್ದು, ಮುಗಿಸುವಾಗ ಏನೋ ಲೋಪವಾಗಿದೆ ಅಂತ. ಮರುವರ್ಷ ಮತ್ತೊಂದು ಮಂಡಲ ಮಾಡಿಸಿದೆ. ಅದೇ ಮಾತ್ರೆ, ಅದೇ ಸುಖ, ಮುಗಿದ ಮೇಲೆ ಅದೇ ನೋವು. ಮತ್ತೆರಡು ವರ್ಷಕ್ಕೆ ಮೂರನೆಯದು. ಅದು ಮುಗಿದು ಮಗಳು ಬಚ್ಚಲುಮನೆಯಲ್ಲಿ ಬಿದ್ದಿದ್ದಾಗ ನಾನು ಬಾಗಿಲಲ್ಲಿ ನಿಂತು ಕೇಳಿದೆ: "ನಿಜ ಹೇಳು. ಮನಸ್ನಾಗೆ ಭಕ್ತಿ ಇಟ್ಕಂಡು ಸುತ್ತಿದ್ಯೋ, ಸುಮ್ಕೆ ಕಾಲಾಡ್ಸಿದ್ಯೋ?"

ಅವಳು ಗೋಡೆ ಹಿಡಿದು ಎದ್ದು ಕೂತಳು. ಮುಖ ಸುಣ್ಣದ ಹಾಗಿತ್ತು. "ಬುಟ್ಬುಡಮ್ಮ ನನ್ನ" ಅಂದಳು. "ಇನ್ಮ್ಯಾಲೆ ಯಾವ ಸೇವೆಗೂ ನನ್ನ ಕರೀಬ್ಯಾಡ. ನೀನೂ ಬರಬ್ಯಾಡ."

ನೋವು ತಗ್ಗಿದ ಮೇಲೆ ಬ್ಯಾಗ್ ತೆಗೆದುಕೊಂಡು ಪಾವಗಡಕ್ಕೆ ಹೋದವಳು ನಾಲ್ಕು ತಿಂಗಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಅಳಿಯ ಎತ್ತಿ "ಮಲಗವ್ಳೆ ಅತ್ತೆ, ಆಮ್ಯಾಲೆ ಮಾಡಸ್ತೀನಿ" ಅನ್ನುತ್ತಿದ್ದ. ಯಾವ ಹೊತ್ತಿಗೆ ಮಾಡಿದರೂ ಅವಳು ಮಲಗಿಯೇ ಇರುತ್ತಿದ್ದಳು. ಇರುವವಳು ಒಬ್ಬಳೇ ಮಗಳು. ಮನೆಯಲ್ಲಿ ಸಾರು ಮಾಡಿದರೆ ಎರಡು ದಿನ ಉಳಿಯುತ್ತಿತ್ತು. ಅವಳ ಅಳತೆಯ ಬ್ಲೌಸ್ ಹೊಲಿದು ಇಟ್ಟಿದ್ದೆ, ಕೊಡಲು ಹೋಗುವ ಮುಖವಿರಲಿಲ್ಲ.

ಹೋದ ವರ್ಷ ಕಾರ್ತಿಕ ಕಳೆದ ಮೇಲೆ ಒಂದು ಷಷ್ಠಿಯ ದಿನ ಒಬ್ಬಳೇ ನಾಗಲಮಡಿಕೆಗೆ ಹೊರಟೆ. ಮಧುಗಿರಿಯಲ್ಲಿ ಇಳಿದು ಪಾವಗಡದ ಬಸ್ ಹತ್ತಿದೆ. ಪಾವಗಡ ಬಸ್‌ಸ್ಟ್ಯಾಂಡಿನಿಂದ ಮಗಳ ಮನೆಗೆ ನಡೆದರೆ ಹತ್ತು ನಿಮಿಷ. ಹೋಗಲಿಲ್ಲ. ಹೆತ್ತವಳಿಗೆ ಬರಬೇಡ ಅಂದವಳ ಮನೆಗೆ ನಾನೇಕೆ ಹೋಗಲಿ ಅನ್ನುವ ಹಟ. ದೇವಸ್ಥಾನದಲ್ಲಿ ನಿಂತು ಸ್ವಾಮಿಗೆ ಹೇಳಿದೆ: "ನನಗೆ ಗೊತ್ತಿದ್ದ ಸೇವೆ ಎಲ್ಲ ಮುಗೀತಪ್ಪ. ಇನ್ನೂ ಯಾವ ತಪ್ಪು ಉಳ್ಕಂಡೈತೆ, ನೀನೇ ತೋರ್ಸು." ಹಾಗೆ ಕೇಳುವಾಗಲೂ ಮಗಳ ತಪ್ಪನ್ನೇ ತೋರಿಸುತ್ತಾನೆ ಅಂತ ನನ್ನ ನಂಬಿಕೆ.

ಅದಾದ ಮೂರನೇ ದಿನ ಮಧ್ಯಾಹ್ನ ಎದುರುಮನೆಯ ಆಯಿಷಾ ಬಂದಳು. ಬಳೆ ಅಂಗಡಿ ಸಾಹೇಬರ ಮಗಳು, ತುಮಕೂರಿನಲ್ಲಿ ಡಾಕ್ಟರ್ ಓದುತ್ತಿದ್ದಾಳೆ, ಕೊನೆಯ ವರ್ಷ. ಒಂದನೇ ಕ್ಲಾಸಿನಿಂದ ಅವಳ ಯೂನಿಫಾರ್ಮ್ ಹೊಲಿದವಳು ನಾನೇ. ಪರೀಕ್ಷೆಗೆ ಓದಿಕೊಳ್ಳಲು ರಜೆಯ ಮೇಲೆ ಬಂದಿದ್ದಳು. ಕೈಯಲ್ಲಿ ದಪ್ಪ ಪುಸ್ತಕ, ಕಿವಿಯ ಹಿಂದೆ ಪೆನ್ನು.

"ಆಂಟಿ, ಒಂದು ಹೆಲ್ಪ್ ಮಾಡ್ತೀರಾ? ನಮಗೆ ಪರೀಕ್ಷೆಯಲ್ಲಿ ಒಬ್ಬರು ಪೇಷೆಂಟ್‌ನ ಕೊಡ್ತಾರೆ. ಅವರನ್ನ ಕೇಳಿ ಕೇಳಿ ಕಾಯಿಲೆ ಏನು ಅಂತ ಕಂಡುಹಿಡೀಬೇಕು. ಮನೇಲಿ ನಾವು ಉರ್ದು ಮಾತಾಡೋದಲ್ವಾ, ಹೆಂಗಸರ ಕಾಯಿಲೆ ವಿಚಾರ ಕನ್ನಡದಲ್ಲಿ ಕೇಳೋವಾಗ ನಾಲಿಗೆ ಹೊರಳಲ್ಲ. ನೀವು ಪೇಷೆಂಟ್ ಆಗಿ, ನಾನು ಕೇಳ್ತೀನಿ."

"ಯಾವ ಕಾಯ್ಲೆ ಬೇಕೇಳು, ತರಿಸ್ಕಂತೀನಿ" ಅಂದೆ.

"ಅಯ್ಯೋ, ಅದು ನನಗೆ ಗೊತ್ತಾಗ್ಬಾರ್ದು! ನೀವು ಮನಸಲ್ಲಿ ಒಂದು ಇಟ್ಕೊಳ್ಳಿ" ಅಂತ ಸ್ಟೂಲ್ ಎಳೆದುಕೊಂಡು ಕೂತಳು. ಗಂಭೀರವಾಗಿ ಶುರುಮಾಡಿದಳು: "ನಿಮ್ಮ ಋತುಚಕ್ರ ನಿಯಮಿತವಾಗಿದೆಯಾ?"

ನನಗೆ ನಗು ತಡೆಯಲಾಗಲಿಲ್ಲ. "ಅಂಗ್ ಕೇಳಿದ್ರೆ ನಮ್ಮ ಹಳ್ಳಿ ಹೆಂಗಸ್ರು ಬಾಯೇ ಬುಡಲ್ಲ ಕಣಮ್ಮ. ತಿಂಗ್ಳು ತಿಂಗ್ಳೂ ಸರ್ಯಾಗಿ ಹೊರಗಾಯ್ತೀಯಾ ಅಂತ ಕೇಳು."

ಅವಳು ಅದನ್ನು ಬರೆದುಕೊಂಡು ಹಾಗೇ ಕೇಳಿದಳು. ನನಗೆ ಮುಟ್ಟು ನಿಂತು ಎಷ್ಟೋ ಕಾಲವಾಗಿದೆ, ಮೈಯಲ್ಲಿ ಹೇಳಿಕೊಳ್ಳುವ ರೋಗವಿಲ್ಲ. ಏನು ಹೇಳುವುದು ಅಂತ ಯೋಚಿಸುತ್ತಿದ್ದಂತೆ ಬಾಯಿಗೆ ಬಂದದ್ದು ಶಾರದೆಯದು. "ಸರ್ಯಾಗಿ ಆಯ್ತೀನಿ ಡಾಕ್ಟ್ರಮ್ಮ, ಆದ್ರೆ ಹೊಟ್ಟೆನೋವು" ಅಂದೆ, ನಾಟಕದವಳ ಹಾಗೆ ಹೊಟ್ಟೆ ಹಿಡಿದುಕೊಂಡು.

"ನೋವು ಯಾವಾಗ ಶುರುವಾಗ್ತದೆ? ಆದ ಮೇಲಾ, ಮುಂಚೇನಾ?"

"ಎರಡು ದಿನ ಮುಂಚೇನೇ."

"ವರ್ಷ ವರ್ಷ ಕಮ್ಮಿ ಆಗಿದೆಯಾ, ಜಾಸ್ತಿ ಆಗಿದೆಯಾ?"

"ಜಾಸ್ತಿ."

"ಆ ದಿನಗಳಲ್ಲಿ ಲೆಟ್ರಿನ್‌ಗೆ ಹೋದ್ರೆ ನೋಯ್ತದಾ?"

ನಾನು ಕತ್ತರಿ ಕೆಳಗಿಟ್ಟೆ. ಇದನ್ನು ಈ ಹುಡುಗಿಗೆ ಯಾರು ಹೇಳಿದರು? "ಪ್ರಾಣ ಹೋದಂಗಾಯ್ತದೆ" ಅಂದೆ. ಶಾರದೆ ಹೇಳುತ್ತಿದ್ದ ಮಾತೇ ಅದು.

ಆಯಿಷಾ ಸ್ವಲ್ಪ ನಾಚಿಕೊಂಡಳು. ಪುಸ್ತಕದ ಕಡೆ ನೋಡುತ್ತ ಕೇಳಿದಳು: "ಗಂಡನ ಜೊತೆ ಸೇರಿದಾಗ ಒಳಗೆ ನೋವು ಇರ್ತದಾ?"

ಹೌದು ಅಂತ ತಲೆ ಆಡಿಸಿದೆ. ಮಕ್ಕಳೆಷ್ಟು ಅಂದಳು, ಇಲ್ಲ ಅಂದೆ. ಮದುವೆಯಾಗಿ ಎಷ್ಟು ವರ್ಷ ಅಂದಳು, ಐದು ಅಂದೆ. ಅವಳ ಮುಖ ಅರಳುತ್ತಿತ್ತು, ಉತ್ತರ ಸಿಕ್ಕಿತು ಅನ್ನುವ ಖುಷಿಯಲ್ಲಿ. "ಕೊನೇ ಪ್ರಶ್ನೆ. ಈ ನೋವು ಯಾವತ್ತಾದ್ರೂ ಪೂರ್ತಿ ಇಲ್ಲದೆ ಇದ್ದಿದ್ದು ಉಂಟಾ?"

"ನಲವತ್ತೆಂಟು ದಿನ" ಅಂದೆ. "ಮೂರು ಸಲ. ಸ್ವಾಮಿ ಸೇವೆ ಮಾಡೋವಾಗ."

"ಆವಾಗ ಮಾತ್ರೆ ಏನಾದ್ರೂ ತಗೊಂಡಿದ್ರಾ?"

ಮಿಷನ್ನಿನ ಡ್ರಾಯರಿನಲ್ಲಿ, ಗುಂಡಿ ಹುಕ್ಕುಗಳ ನಡುವೆ, ಉಳಿದ ಒಂದು ಮಾತ್ರೆ ಪಟ್ಟಿ ಇತ್ತು. ತೆಗೆದು ಕೊಟ್ಟೆ. ಅವಳು ಹಿಂದೆ ತಿರುಗಿಸಿ ಹೆಸರು ಓದಿದಳು. ಪುಸ್ತಕದ ಎರಡು ಹಾಳೆ ಮಗುಚಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟು, ಮಾತ್ರೆಯ ಹೆಸರನ್ನೂ ಆ ಸಾಲನ್ನೂ ಎರಡೆರಡು ಸಲ ನೋಡಿದಳು. ಮುಖದ ಖುಷಿ ಹೋಗಿತ್ತು.

"ಆಂಟಿ, ಇದು ನಾಟಕ ಅಲ್ಲ ಅಲ್ವಾ? ಇದು ಯಾರದು?"

"ನಮ್ಮ ಶಾರದೆದು."

ಆಮೇಲೆ ಅವಳು ನನಗೆ ಪಾಠ ಹೇಳಿದ ಹಾಗೆ ಹೇಳಿದಳು. ನನಗೆ ತಿಳಿಯಲಿ ಅಂತ ಮಿಷನ್ನಿನ ಮೇಲಿದ್ದ ಬ್ಲೌಸನ್ನೇ ತೆಗೆದುಕೊಂಡಳು. "ಒಳಗೆ ಲೈನಿಂಗ್ ಹಾಕಿದ್ದೀರಲ್ಲ ಆಂಟಿ, ಗರ್ಭಕೋಶದ ಒಳಗೂ ಅಂಥದೊಂದು ಪದರ ಇರ್ತದೆ. ತಿಂಗಳಿಗೊಂದು ಸಲ ಅದು ಕಳಚಿ ರಕ್ತದ ಜೊತೆ ಹೊರಗೆ ಹೋಗ್ತದೆ, ಅದೇ ಮುಟ್ಟು. ಕೆಲವರಿಗೆ ಅಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೀತದೆ. ಅಂಡಾಶಯದ ಮೇಲೆ, ಕರುಳಿನ ಪಕ್ಕ. ತಿಂಗಳು ಬಂದಾಗ ಅದೂ ರಕ್ತ ಸುರಿಸ್ತದೆ. ಆದ್ರೆ ಅದಕ್ಕೆ ಹೊರಗೆ ಬರೋಕೆ ದಾರಿ ಇಲ್ಲ. ಒಳಗೇ ನಿಂತು ಊದಿಕೊಳ್ತದೆ, ಒಂದಕ್ಕೊಂದು ಅಂಟಿಕೊಳ್ತದೆ. ಎಂಡೋಮೆಟ್ರಿಯೋಸಿಸ್ ಅಂತ ಹೆಸರು. ಬೆಳಿಗ್ಗೆಯಿಂದ ನಾನು ಓದ್ತಿರೋ ಪಾಠವೇ ಇದು. ಮುಟ್ಟು ನಿಲ್ಲಿಸೋ ಮಾತ್ರೆ ಕೊಟ್ರೆ ಆ ಹೊರಗಿನ ಪದರವೂ ಸುಮ್ಮನಾಗ್ತದೆ. ಅದಕ್ಕೇ ಅಕ್ಕಂಗೆ ನೋವು ಬಂದಿಲ್ಲ ಅನ್ಸುತ್ತೆ."

"ಸ್ಕ್ಯಾನಿಂಗ್‌ನಾಗೆ ಏನೂ ಇಲ್ಲ ಅಂದಿದ್ರಲ್ಲ?"

"ಎಷ್ಟೋ ಸಲ ಕಾಣಲ್ಲ. ಕಂಡುಹಿಡಿಯೋದ್ರಲ್ಲೇ ವರ್ಷಗಟ್ಟಲೆ ಕಳೀತದಂತೆ. ಎಲ್ಲರೂ ಇದು ಮಾಮೂಲಿ ನೋವು ಅಂತ ಬಿಟ್ಟುಬಿಡ್ತಾರಂತೆ." ಪುಸ್ತಕ ಮುಚ್ಚಿ, "ನಾನಿನ್ನೂ ಡಾಕ್ಟರ್ ಆಗಿಲ್ಲ ಆಂಟಿ. ಇದೇ ಅಂತ ಹೇಳೋಕೆ ನನಗೆ ಬರಲ್ಲ. ಅಕ್ಕನ್ನ ಹೆಂಗಸರ ಡಾಕ್ಟರಿಗೆ ತೋರಿಸಿ, ಈ ಮಾತ್ರೆ ವಿಚಾರವೂ ಹೇಳಿ" ಅಂದಳು.

ಕೇಳಬೇಕಾದದ್ದು ಇನ್ನೊಂದಿತ್ತು. "ಇದು ಏನಾರಾ ತಪ್ಪು ಮಾಡಿದ್ರೆ ಬರೋದಾ ಆಯಿಷಾ?"

"ಯಾಕೆ ಬರ್ತದೆ ಅಂತ ಪೂರ್ತಿ ಗೊತ್ತಿಲ್ಲ ಅಂತ ಬರ್ದಿದಾರೆ. ಆದ್ರೆ ಹುಡುಗಿ ತಪ್ಪು ಮಾಡಿದ್ಲು ಅಂತ ಯಾವ ಪುಸ್ತಕದಲ್ಲೂ ಇಲ್ಲ ಆಂಟಿ."

ಅವಳು ಹೋದ ಮೇಲೆ ನಾನು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ. ಯಜಮಾನರು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಪಾವಗಡಕ್ಕೆ ಹೋದೆ. ಬಾಗಿಲು ತೆರೆದ ಮಗಳು ನನ್ನ ಕೈಯಲ್ಲಿ ಪ್ರಸಾದದ ಚೀಲ ಇದೆಯೇ ಅಂತ ನೋಡಿದಳು. "ಈಗ ಯಾವ ಸೇವೆಗೆ ಕರ್ಯಕ್ ಬಂದೆ?" ಅಂದಳು. "ಯಾವುದಕ್ಕೂ ಅಲ್ಲ, ಕೂತ್ಕ" ಅಂದೆ. ಆಯಿಷಾ ನನ್ನನ್ನು ಕೇಳಿದ್ದನ್ನೆಲ್ಲ ಒಂದೊಂದಾಗಿ ಅವಳನ್ನು ಕೇಳಿದೆ. ನೋವು ಯಾವಾಗ ಶುರುವಾಗ್ತದೆ, ಎಲ್ಲಿ ನೋಯ್ತದೆ, ಎಷ್ಟು ದಿನ. ಅವಳು ಮೊದಲು ಅನುಮಾನದಿಂದಲೇ ಉತ್ತರ ಕೊಟ್ಟಳು. ಮೊದಲ ಸಲ ಯಾವಾಗ ಬಂತು ಅಂದಾಗ "ಹದ್ನಾಲ್ಕಕ್ಕೆ. ನಿಂಗ್ ಹೇಳಿದ್ದೆ" ಅಂದಳು. ಹೌದು, ಹೇಳಿದ್ದಳು. ಬಡವನಹಳ್ಳಿಯ ಅರಳಿಕಟ್ಟೆಗೆ ಹೋಗುವ ಒಂದು ವರ್ಷ ಮೊದಲಿನಿಂದಲೇ ಇತ್ತು ಅನ್ನುವುದನ್ನು ಹನ್ನೆರಡು ವರ್ಷದ ಮೇಲೆ ನಾನು ಕಿವಿಗೆ ಹಾಕಿಕೊಂಡೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಓಬಳಮ್ಮ ಬಂದು ಇಬ್ಬರಿಗೂ ಕಾಫಿ ಇಟ್ಟು ಹೋದರು.

ಅದೇ ವಾರ ತುಮಕೂರಿಗೆ ಹೊರಟೆವು. ಅವಳಿಗೆ ನೋವಿನ ಎರಡನೇ ದಿನ. ಮುಂದಕ್ಕೆ ಹಾಕೋಣ ಅಂದೆ, "ಬ್ಯಾಡ, ಡಾಕ್ಟ್ರು ಇಂಗೇ ನೋಡ್ಲಿ" ಅಂದಳು. ಮಧುಗಿರಿ ದಾಟುವವರೆಗೆ ತಡೆದುಕೊಂಡಳು. ಕೊರಟಗೆರೆ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಸೀಟಿನಿಂದ ಜಾರಿ ಕೆಳಗೆ ಕೂತುಬಿಟ್ಟಳು. ಹಳೆಯ ಜಯಮ್ಮ ಆಗಿದ್ದರೆ "ಜನ ನೋಡ್ತಾವ್ರೆ, ಎದ್ದೇಳು" ಅನ್ನುತ್ತಿದ್ದೆ. ಎದ್ದು ನಿಂತು ಕಂಡಕ್ಟರಿಗೆ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದೆ: "ನನ್ನ ಮಗಳು ಹೊರಗಾಗವ್ಳೆ ಕಣಪ್ಪ, ತಡೀಲಾರದ ನೋವು. ವಾಂತಿ ಮಾಡ್ಕಂಡು ಬತ್ತಾಳೆ, ಹತ್ತು ನಿಮಿಷ ನಿಲ್ಸು." ಅವನು ತಲೆ ತಗ್ಗಿಸಿಕೊಂಡು ನಿಲ್ಲಿಸಿದ. ಶಾರದೆ ನನ್ನ ಹೆಗಲು ಹಿಡಿದು ಇಳಿಯುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಸಮಾಧಾನವಾಗಿ ಎಲ್ಲ ಕೇಳಿದರು, ಪರೀಕ್ಷೆ ಮಾಡಿದರು, ಹೊಸದಾಗಿ ಸ್ಕ್ಯಾನಿಂಗ್ ಬರೆದರು. ಈ ಸಲ ಕಂಡಿತು. ಎಡಗಡೆಯ ಅಂಡಾಶಯದಲ್ಲಿ ಗಡ್ಡೆ, ಒಳಗೆ ಹಳೆಯ ರಕ್ತ ಕಪ್ಪಗೆ ನಿಂತಿದೆ, ಚಾಕಲೇಟ್ ಸಿಸ್ಟ್ ಅನ್ನುತ್ತಾರೆ ಅಂದರು. "ಎಷ್ಟು ವರ್ಷದಿಂದ ನೋವಿದೆ?" ಅಂದಾಗ ಶಾರದೆ ನನ್ನ ಕಡೆ ನೋಡಿದಳು. ನಾನೇ ಹೇಳಿದೆ. "ಹದಿಮೂರು ವರ್ಷ ಡಾಕ್ಟ್ರೇ. ತಡ ಮಾಡಿದೋಳು ನಾನು." ಮಾತ್ರೆಯ ವಿಚಾರಕ್ಕೆ ಚೆನ್ನಾಗಿ ಬೈದರು. ಅಷ್ಟು ದಿನ ಡಾಕ್ಟರನ್ನು ಕೇಳದೆ ಯಾರಿಗೂ ಕೊಡಬಾರದಂತೆ, ಕೆಲವರಿಗೆ ಅಪಾಯವೂ ಆಗುತ್ತದಂತೆ. ಇದನ್ನು ಓದಿ ಯಾರೂ ಅಂಗಡಿಗೆ ಓಡಬೇಡಿ, ನಾನು ಮಾಡಿದ ಹಾಗೆ ಮಾಡಬೇಡಿ.

ಹೊಟ್ಟೆಗೆ ಸಣ್ಣ ತೂತು ಮಾಡಿ ಆಪರೇಷನ್ ಮಾಡಿದರು. ಹೊರಗೆ ಬೆಂಚಿನ ಮೇಲೆ ನಾನೂ ಅಳಿಯನೂ ಕೂತಿದ್ದೆವು. ನಾನು ಸ್ವಾಮಿಯ ಹೆಸರನ್ನು ಹೇಳುತ್ತಿದ್ದೆ, ಆದರೆ ಈ ಸಲ ಹರಕೆ ಹೊರಲು ಬಾಯಿ ಬರಲಿಲ್ಲ. ಮುಗಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕರುಳು ಗರ್ಭಕೋಶಕ್ಕೆ ಅಂಟಿಕೊಂಡಿತ್ತಂತೆ. ಬಿಡಿಸಿದ್ದೇವೆ ಅಂದರು. ಮತ್ತೆ ಬರುವುದೇ ಇಲ್ಲ ಅಂತ ಹೇಳುವುದಿಲ್ಲ, ಕೆಲವು ತಿಂಗಳು ಮಾತ್ರೆ ಕೊಡುತ್ತೇವೆ, ಆಮೇಲೆ ಮಗುವಿನ ವಿಚಾರ ನೋಡೋಣ, ಆಸೆ ಬಿಡುವುದು ಬೇಡ, ಆದರೆ ಮಾತು ಕೊಡಲು ಆಗುವುದಿಲ್ಲ ಅಂದರು. "ಬೇಗ ಬಂದಿದ್ದರೆ?" ಅಂತ ಕೇಳಿದೆ. ಅವರು ನನ್ನ ಕೈಮೇಲೆ ಕೈಯಿಟ್ಟರು.

ಈಗ ಎಂಟು ತಿಂಗಳಾಯಿತು. ನೆಲ ಹಿಡಿಸುವ ಆ ನೋವು ಮಗಳಿಗೆ ಬಂದಿಲ್ಲ. ಕೆಲವು ದಿನ ಸೊಂಟ ಹಿಡಿದುಕೊಂಡ ಹಾಗಾಗುತ್ತದೆ, ಅಷ್ಟೆ. ಹೊರಗಿನಿಂದ ಕಟ್ಟಿ ಪಿಯುಸಿ ಮುಗಿಸುತ್ತೇನೆ ಅಂತ ಪುಸ್ತಕ ತಂದಿಟ್ಟುಕೊಂಡಿದ್ದಾಳೆ. ಆಯಿಷಾಗೆ ಪರೀಕ್ಷೆಯಲ್ಲಿ ಬಂದದ್ದು ಬೇರೆಯೇ ಕೇಸು, ರಕ್ತ ಕಡಿಮೆಯಾಗಿದ್ದ ಬಸುರಿ. ಆದರೂ ನಾನು ಹೇಳಿಕೊಟ್ಟ ಕನ್ನಡದಿಂದ ಆ ಹೆಂಗಸು ಬಾಯಿಬಿಟ್ಟು ಮಾತಾಡಿದಳಂತೆ. ಪಾಸಾಗಿದ್ದಾಳೆ.

ವಾಸಿ ಮಾಡಿದ್ದು ಡಾಕ್ಟರು, ಸುಬ್ಬಪ್ಪ ಏನು ಮಾಡಿದ ಅಂತ ನಮ್ಮ ಬೀದಿಯಲ್ಲೇ ಕೇಳಿದವರಿದ್ದಾರೆ. ನಾನು ಅವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ತಪ್ಪು ತೋರಿಸು ಅಂತ ಕೇಳಿದ ಮೂರನೇ ದಿನಕ್ಕೆ, ಊರಲ್ಲಿ ಅಷ್ಟು ಮನೆಗಳಿರುವಾಗ, ಅದೇ ಪಾಠ ಓದುತ್ತಿದ್ದ ಹುಡುಗಿಯನ್ನು ನನ್ನ ಮನೆಗೆ ಕಳಿಸಿದವನು ಅವನೇ. ನನ್ನ ಬಾಯಿಂದಲೇ ನನ್ನ ಮಗಳ ನೋವನ್ನು ಹೇಳಿಸಿ, ನನ್ನ ಕಿವಿಗೇ ಕೇಳಿಸಿದವನು ಅವನೇ. ನನ್ನ ಭಕ್ತಿ ಒಂದು ಕೂದಲಷ್ಟೂ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕಡಿಮೆಯಾಗಿರುವುದು ನನಗೆ ಎಲ್ಲ ಗೊತ್ತು ಅನ್ನುವ ಜಂಬ. ಹೆಣ್ಣುಮಕ್ಕಳಿರುವ ತಾಯಂದಿರೇ, ಮಗಳು ನೋವು ಅಂದರೆ ಮೊದಲು ಅವಳ ಪಕ್ಕ ಕೂತು ಕೇಳಿ. ದೇವರಿಗೆ ಆಮೇಲೆ ಕೈಮುಗಿದರೂ ಅವನು ಬೇಸರ ಮಾಡಿಕೊಳ್ಳುವುದಿಲ್ಲ.

ಹೋದ ತಿಂಗಳ ಷಷ್ಠಿಗೆ ಶಾರದೆಯೇ ಫೋನ್ ಮಾಡಿ "ನಾಗಲಮಡಿಕೆಗೆ ಹೋಗಾಣ ಬಾಮ್ಮ" ಅಂದಳು. ದರ್ಶನ ಮುಗಿಸಿ ಪ್ರಾಕಾರದ ನೆರಳಿನಲ್ಲಿ ಕೂತೆವು. ನಾನು ಅವಳ ಕ್ಷಮೆ ಕೇಳಬೇಕು ಅಂತ ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬದಲಿಗೆ ಕೇಳಿದೆ: "ಇಷ್ಟ್ ವರ್ಷ ಇಲ್ಲಿಗೆ ಕರ್ಕಂಡ್ ಬಂದು ನಿಲ್ಲುಸ್ತಿದ್ನಲ್ಲ, ನಿನ್ನ ಮನಸ್ನಾಗೆ ನನ್ನ ಬೈಕಂತಿದ್ಯೇನೇ? ಇಲ್ಲ, ನೋವು ಹೋಗ್ಲಿ ಅಂತ ಬೇಡ್ಕಂತಿದ್ಯಾ?"

ಅವಳು ತೆಂಗಿನಕಾಯಿ ಚೂರನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದಳು.

"ನೋವು ಹೋಗ್ಲಿ ಅಂತ ನಾನು ಯಾವತ್ತೂ ಕೇಳ್ಲಿಲ್ಲ ಕಣಮ್ಮ" ಅಂದಳು. "ನಮ್ಮಮ್ಮ ಒಂದು ಸಲ ನನ್ನ ಮಾತು ನಂಬೋ ಹಂಗೆ ಮಾಡಪ್ಪ ಅಂತಿದ್ದೆ. ಅಷ್ಟೇಯ."

ಅಷ್ಟು ವರ್ಷ ಒಂದೇ ಗರ್ಭಗುಡಿಯ ಮುಂದೆ ಅಕ್ಕಪಕ್ಕ ನಿಂತು ನಾವಿಬ್ಬರೂ ಬೇಡಿದ್ದೆವು. ಸ್ವಾಮಿ ನಡೆಸಿಕೊಟ್ಟದ್ದು ಅವಳ ಕೋರಿಕೆಯನ್ನು. ಅವನಿಗೆ ನನ್ನ ಸಾವಿರ ನಮಸ್ಕಾರ. ಅವನು ನಡೆಸಿಕೊಡುವವರೆಗೂ ನನ್ನ ಮಗಳು ಕಾಯಬೇಕಾಯಿತಲ್ಲ, ಆ ಕೋರಿಕೆಯನ್ನು ನಡೆಸಿಕೊಡುವುದು ಮೊದಲಿನಿಂದಲೂ ನನ್ನ ಕೈಯಲ್ಲೇ ಇತ್ತು.